ಎರಡನೇ ಸಲ ಕೇಳಲಿಲ್ಲ

ಜಪಾನಿನಲ್ಲಿ ಈಗ ದೊಡ್ಡ ದೊಡ್ಡ ಸಭಾಂಗಣಗಳನ್ನು ತುಂಬಿಸುವ ಒಂದು ರಾಕ್ ಬ್ಯಾಂಡ್ ಇದೆ. ಅದರ ಮೊದಲ ಡ್ರಮ್ಮರ್ ನಾನು. ಇದನ್ನು ಹೇಳಿದರೆ ಎದುರಿಗಿದ್ದವರು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಗಲ್ಲಾಪೆಟ್ಟಿಗೆ ನೋಡುತ್ತಾರೆ, ಕೊನೆಗೆ ಇಡ್ಲಿ ಬಿಸಿ ಇದೆಯಾ ಎಂದು ಕೇಳುತ್ತಾರೆ. ಅವರ ತಪ್ಪೇನೂ ಇಲ್ಲ. ವಡೋದರದ ಅಲ್ಕಾಪುರಿಯಲ್ಲಿ ಉಡುಪಿ ಹೋಟೆಲು ನಡೆಸುವ, ಐವತ್ತರ ಹತ್ತಿರ ಬಂದ ಕುಂದಾಪುರ ಕಡೆಯ ಮನುಷ್ಯನೊಬ್ಬ ಹೀಗೆ ಹೇಳಿಕೊಂಡರೆ ನಾನಾದರೂ ನಂಬುತ್ತಿರಲಿಲ್ಲ.

ಹೋಟೆಲು ಹಾಕಿದವರು ಅಪ್ಪಯ್ಯ. ನನಗೆ ಐದು ವರ್ಷವಿದ್ದಾಗ ನಮ್ಮನ್ನು ಊರಿಂದ ಇಲ್ಲಿಗೆ ಕರೆಸಿಕೊಂಡರು. ಗುಜರಾತಿನಲ್ಲಿ ಬೆಳೆದ ಹುಡುಗರಿಗೆ ನವರಾತ್ರಿ ಬಂತೆಂದರೆ ಕಾಲು ನಿಲ್ಲುವುದಿಲ್ಲ. ನನಗೆ ಕೈ ನಿಲ್ಲುತ್ತಿರಲಿಲ್ಲ. ಕಾಲೇಜಿಗೆ ಹೋಗುವಾಗ ಗರಬಾಕ್ಕೆ ನುಡಿಸುವ ಒಂದು ಆರ್ಕೆಸ್ಟ್ರಾ ಸೇರಿಕೊಂಡೆ. ಗರಬಾದಲ್ಲಿ ಸುತ್ತು ಶುರುವಾಗುವಾಗ ಲಯ ನಿಧಾನ. ಕುಣಿಯುವವರ ಮೈ ಬಿಸಿಯಾದ ಹಾಗೆ ಅದು ಏರುತ್ತ ಹೋಗಬೇಕು. ಏರಿಸಲು ಬಾರದ ಡ್ರಮ್ಮರನನ್ನು ಮರುವರ್ಷ ಯಾರೂ ಕರೆಯುವುದಿಲ್ಲ. ನಾನು ಕಲಿತ ವಿದ್ಯೆ ಅಷ್ಟೇ. ಆ ಆರ್ಕೆಸ್ಟ್ರಾ ಚದುರಿದಾಗ ಅವರ ಹಳೆಯ ಡ್ರಮ್ ಸೆಟ್ ನನ್ನ ಪಾಲಿಗೆ ಬಂತು. ಹೋಟೆಲಿನ ಮಹಡಿಯಲ್ಲಿ ಹುಟ್ಟುಹಬ್ಬ, ಸೀಮಂತಗಳಿಗೆ ಕೊಡುವ ಒಂದು ಹಾಲ್ ಇತ್ತು. ಅದರ ಮೂಲೆಯಲ್ಲಿ ಸೆಟ್ಟನ್ನು ಇಟ್ಟು ಹಳೆಯ ಬೆಡ್‌ಶೀಟ್ ಮುಚ್ಚಿದೆ. ಅಪ್ಪಯ್ಯ ಅದನ್ನು ನೋಡಿದಾಗಲೆಲ್ಲ, "ಅಲ್ಲಿ ಎರಡು ಟೇಬಲ್ ಹಾಕ್ಲಿಕ್ಕೆ ಜಾಗ ಉಂಟು" ಎನ್ನುತ್ತಿದ್ದರು.

ಮಗಳಿಗೆ ಆರು ವರ್ಷವಾಗಿದ್ದಾಗ ಮಕರಪುರದ ಒಂದು ಕಾರ್ಖಾನೆಗೆ ಹೊಸ ಯಂತ್ರಗಳು ಬಂದವು. ಅವುಗಳ ಜೊತೆ ಜಪಾನಿನಿಂದ ಎಂಜಿನಿಯರುಗಳೂ ಬಂದರು. ಅವರಲ್ಲಿ ಮೂವರು ಪ್ರತಿ ಭಾನುವಾರ ನಮ್ಮಲ್ಲಿಗೆ ದೋಸೆ ತಿನ್ನಲು ಬರುತ್ತಿದ್ದರು. ಒಬ್ಬ ಎತ್ತರದವನು, ಹೆಚ್ಚು ಮಾತಿಲ್ಲದವನು. ಅವನೇ ಮುಂದೆ ಬ್ಯಾಂಡಿನ ನಾಯಕನೂ ಹಾಡುಗಾರನೂ ಆದ. ಇನ್ನೊಬ್ಬ ಕನ್ನಡಕದವನು, ಗಿಟಾರಿನವನು. ಮೂರನೆಯವನು ಎಲ್ಲರಿಗಿಂತ ಕಿರಿಯ, ಬೇಸ್ ಗಿಟಾರ್ ನುಡಿಸುವವನು. ಚಟ್ನಿ ಖಾರವಾಗಿ ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದವನು ಅವನೊಬ್ಬನೇ. ನನ್ನನ್ನು ಅವರು 'ಮಾಸ್ಟರ್' ಎನ್ನುತ್ತಿದ್ದರು. ಅವರ ದೇಶದಲ್ಲಿ ಸಣ್ಣ ಹೋಟೆಲು ನಡೆಸುವವನನ್ನು ಹಾಗೆ ಕರೆಯುತ್ತಾರಂತೆ. ನಮ್ಮ ಅಡುಗೆಮನೆಯಲ್ಲಿ ಮಾಸ್ಟರ್ ಎಂದರೆ ದೋಸೆ ಹೊಯ್ಯುವವನು. ಅವರು ಕರೆದಾಗಲೆಲ್ಲ ಒಳಗಿಂದ ಅವನು ಓಗೊಡುತ್ತಿದ್ದ.

ಒಮ್ಮೆ ಅವರ ಕಾರ್ಖಾನೆಯವರು ನಮ್ಮ ಹಾಲಿನಲ್ಲಿ ಊಟವಿಟ್ಟುಕೊಂಡರು. ಎತ್ತರದವನು ಮೂಲೆಗೆ ಹೋಗಿ ಬೆಡ್‌ಶೀಟಿನ ಅಂಚು ಎತ್ತಿ ನೋಡಿ, ಇದು ಯಾರದು ಎಂದು ಕೇಳಿದ. "ಯಾರದ್ದೋ, ಸುಮ್ಮನೆ ಇಟ್ಟದ್ದು" ಎಂದೆ. ನೀರು ಇಡಲು ಬಂದ ದೋಸೆ ಮಾಸ್ಟರ್ ಸುಮ್ಮನಿರದೆ, "ಶೇಠ್ ಬಜಾತೇ ಹೈಂ, ಬಹುತ್ ಅಚ್ಛಾ" ಎಂದುಬಿಟ್ಟ. ನನ್ನನ್ನು ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದವನೂ ಅವನೇ. ನನಗೆ ಬೇಕಾದ್ದು ಏನಿದ್ದರೂ ಜೀವಮಾನದಲ್ಲಿ ಸಿಕ್ಕಿದ್ದು ಹೀಗೆ, ಪಕ್ಕದಲ್ಲಿ ನಿಂತವರು ಯಾರೋ ನನ್ನ ಪರವಾಗಿ ಬಾಯಿ ಬಿಟ್ಟಿದ್ದರಿಂದ.

ಮುಂದಿನ ಭಾನುವಾರ ಅವರು ಗಿಟಾರುಗಳನ್ನು ಹೊತ್ತುಕೊಂಡು ಬಂದರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಹೋಟೆಲಿನ ಬಾಗಿಲು ಅರ್ಧ ಎಳೆದಿರುತ್ತದೆ. ನಮ್ಮ ಅಭ್ಯಾಸ ಆ ಒಂದೂವರೆ ತಾಸಿನಲ್ಲಿ. ಮೂರೂವರೆ ಎಂದರೆ ಅವರು ಮೂರು ಇಪ್ಪತ್ತಕ್ಕೇ ಮೆಟ್ಟಿಲ ಕೆಳಗೆ ನಿಂತಿರುತ್ತಿದ್ದರು. ನಾನು ಹೋಟೆಲಿನ ಮಾಲೀಕ, ನಾನು ಮೂರೂಮುಕ್ಕಾಲಕ್ಕೆ ಬರುತ್ತಿದ್ದೆ. ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಪ್ರತಿಯೊಬ್ಬರೂ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ನೆಲಕ್ಕೆ ಟೇಪು ಅಂಟಿಸಿ ಗುರುತು ಮಾಡಿದ್ದರು. ನನ್ನ ಸ್ಟೂಲಿಗೂ ಗುರುತಿತ್ತು. ಹಾಡಿನ ನಡುವೆ ನನ್ನ ಕೈ ತಾನಾಗಿಯೇ ಓಡತೊಡಗಿದರೆ ನಾಯಕ ತಿರುಗಿ ನೋಡದೆ ಎಡಗೈಯನ್ನು ಸ್ವಲ್ಪ ಕೆಳಗೆ ತೋರಿಸುತ್ತಿದ್ದ. ನಾನು ನಿಧಾನ ಮಾಡುತ್ತಿದ್ದೆ. ಎರಡು ನಿಮಿಷಕ್ಕೆ ಮತ್ತೆ ಓಡುತ್ತಿದ್ದೆ. ಬೇಸಿನವನು ಮಾತ್ರ ನನ್ನ ಜೊತೆ ಓಡಿ ಬಂದು ನಗುತ್ತಿದ್ದ.

ಗುಜರಾತಿನಲ್ಲಿ ಪಾನನಿಷೇಧ, ರಾಕ್ ಬ್ಯಾಂಡಿಗೆ ಬೇಕಾದ ಕತ್ತಲೆಯ ಬಾರುಗಳು ಇಲ್ಲಿಲ್ಲ. ಹಾಗಾಗಿ ನಾವು ನುಡಿಸಿದ್ದು ಹಗಲಿನಲ್ಲಿ, ಹೆಂಗಸರು ಮಕ್ಕಳ ಎದುರು. ಮೊದಲು ನಮ್ಮದೇ ಹಾಲಿನಲ್ಲಿ, ಯಾರದೋ ಹುಟ್ಟುಹಬ್ಬಕ್ಕೆ ಕಟ್ಟಿದ ಬಲೂನುಗಳ ಕೆಳಗೆ ಇಪ್ಪತ್ತು ಮೂವತ್ತು ಜನಕ್ಕೆ. ಆಮೇಲೆ ಗೋರ್ವಾದ ಒಂದು ಹೌಸಿಂಗ್ ಸೊಸೈಟಿಯ ಗಣಪತಿ ಪೆಂಡಾಲಿನಲ್ಲಿ. ಅಲ್ಲಿಯ ಕಾಕಾ ಒಬ್ಬರು ಎದ್ದು ಬಂದು ಒಂದು ಆರತಿಯ ಹಾಡು ಬರುತ್ತದೆಯೇ ಎಂದು ಕೇಳಿದರು. ನಾಯಕ ಬಗ್ಗಿ ನಮಸ್ಕರಿಸಿ ಇನ್ನೊಂದು ಜಪಾನಿ ಹಾಡು ಹಾಡಿದ. ಸೂರತ್ತಿನ ಸೀರೆ ವ್ಯಾಪಾರಿಯೊಬ್ಬರ ಮಗಳ ಮದುವೆಯಲ್ಲಿ ನಮ್ಮನ್ನು ವಿದೇಶಿ ಬ್ಯಾಂಡ್ ಎಂದು ಕರೆಸಿದ್ದರು. ನಾನೊಬ್ಬ ಅದರಲ್ಲಿ ವಿದೇಶಿಯಾಗಿ ಕಾಣುತ್ತಿರಲಿಲ್ಲವೆಂದು ನನ್ನನ್ನು ಹೂವಿನ ಕಮಾನಿನ ಹಿಂದೆ ಕೂರಿಸಿದರು. ಕೈ ಕಾಣದಿದ್ದರೂ ಸದ್ದು ಕೇಳುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಹಮದಾಬಾದಿನ ಒಂದು ಕಾಲೇಜು ಉತ್ಸವದಲ್ಲಿ ಎಲ್ಲ ತಿರುಗಿತು. ತೆರೆದ ಮೈದಾನ, ಸಂಜೆ ಐದರ ಬಿಸಿಲು, ಕಣ್ಣು ಹಾಯುವಷ್ಟು ದೂರ ಹುಡುಗ ಹುಡುಗಿಯರು. ಕೊನೆಯ ಹಾಡಿನಲ್ಲಿ ನನ್ನ ಕೈ ಓಡಿತು. ನಾಯಕ ಅಂದು ಎಡಗೈ ತೋರಿಸಲಿಲ್ಲ. ಬಹುಶಃ ಸದ್ದಿನಲ್ಲಿ ತೋರಿಸಿದ್ದು ನನಗೆ ಕಾಣಲಿಲ್ಲ. ಹುಡುಗರು ಗರಬಾದ ಸುತ್ತು ಕಟ್ಟಿಕೊಂಡು ಕುಣಿಯತೊಡಗಿದರು. ಜಪಾನಿ ರಾಕ್ ಹಾಡಿಗೆ ಸಾವಿರಾರು ಮಂದಿ ಗರಬಾ ಆಡುವುದನ್ನು ಯಾರೋ ಫೋನಿನಲ್ಲಿ ಹಿಡಿದು ಹಾಕಿದರು. ಅದು ಜಪಾನಿಗೆ ಹೋಯಿತು, ಅಲ್ಲಿ ಮನೆಮನೆ ತಲುಪಿತು, ಅಲ್ಲಿಯ ಒಂದು ಸಂಗೀತ ಕಂಪನಿಯವರು ನಾಯಕನಿಗೆ ಫೋನ್ ಮಾಡಿದರು. ಅವನು ಕಾರ್ಖಾನೆಗೆ ರಾಜೀನಾಮೆ ಕೊಟ್ಟ ಸುದ್ದಿ ನನಗೆ ಸಿಕ್ಕಿದ್ದು ಮೂರನೆಯವರಿಂದ. ಆ ವಾರವೆಲ್ಲ ಊಟ ಸೇರಲಿಲ್ಲ. ನನ್ನನ್ನು ಕರೆಯುತ್ತಾರೋ ಬಿಡುತ್ತಾರೋ ಎಂಬುದೊಂದೇ ತಲೆಯಲ್ಲಿ. ನಲವತ್ತರ ಹೊಸ್ತಿಲಲ್ಲಿದ್ದೆ, ಹೆಂಡತಿ, ಮಗು, ಅಪ್ಪಯ್ಯ, ಹೋಟೆಲು ಎಲ್ಲ ಇದ್ದವು. ಆದರೂ ಹೋಗಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು.

ಅವರು ಬಂದರು. ಭಾನುವಾರವಲ್ಲ, ಬುಧವಾರ. ಗಿಟಾರು ತಂದಿರಲಿಲ್ಲ. ಮೂವರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಸಿಹಿತಿಂಡಿಯ ಪೆಟ್ಟಿಗೆ ಹಿಡಿದು ಬಂದಿದ್ದರು. ಟೇಬಲಿನ ಸುತ್ತ ಕೂತೆವು. ಕಾಫಿ ಬಂತು. ನಾಯಕ ಎದ್ದು ನಿಂತ. ನಮ್ಮೊಳಗಿನ ಮಾತು ಅರ್ಧ ಇಂಗ್ಲಿಷು ಅರ್ಧ ಹಿಂದಿ, ಅವನು ಹೇಳಿದ್ದರ ಅರ್ಥ ಇಷ್ಟು: "ಮಾಸ್ಟರ್, ನಾವು ಜಪಾನಿಗೆ ವಾಪಸು ಹೋಗುತ್ತಿದ್ದೇವೆ. ನೀವೂ ನಮ್ಮ ಜೊತೆ ಬಂದು ಡ್ರಮ್ ಬಾರಿಸಬೇಕೆಂದು ಕೇಳಿಕೊಳ್ಳುತ್ತೇವೆ."

ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆಗೆ ಹೋದರೂ ಕಾಫಿ ಎಂದರೆ "ಬೇಡ, ಈಗಷ್ಟೇ ಕುಡಿದದ್ದು" ಎನ್ನಬೇಕು. ಅವರು ಎರಡನೇ ಸಲ ಹೇಳಬೇಕು, ನಾವು "ಅಯ್ಯೋ, ಯಾಕೆ ತೊಂದರೆ" ಎನ್ನಬೇಕು, ಮೂರನೇ ಸಲಕ್ಕೆ ಲೋಟ ಕೈಗೆ ಬರಬೇಕು. ಪಾಯಸ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವನು ಆ ಬೆರಳುಗಳ ಸಂದಿಯಲ್ಲೇ ಸುರಿಯಬೇಕು. ಮೊದಲ ಮಾತಿಗೇ ಹೂಂ ಎಂದವನನ್ನು ಅಪ್ಪಯ್ಯ "ಆಸೆಬುರುಕ, ಕರೆಯುದನ್ನೇ ಕಾಯ್ತಾ ಇದ್ದ" ಎನ್ನುತ್ತಿದ್ದರು. ಇನ್ನು ಗುಜರಾತಿಗಳಂತೂ ಆಗ್ರಹ ಮಾಡಿ ತಿನ್ನಿಸುವ ಜನ. ತಟ್ಟೆಯನ್ನು ತಲೆಯ ಹಿಂದೆ ಅಡಗಿಸಿಟ್ಟರೂ ಬಿಡುವುದಿಲ್ಲ. ಎರಡೂ ಕಡೆಯ ಉಪಚಾರದಲ್ಲಿ ಬೆಳೆದ ನನ್ನ ಬಾಯಿಂದ ಬಂದದ್ದು ಇದು:

"ಛೆ ಛೆ, ನಾನೆಲ್ಲಿ, ನೀವೆಲ್ಲಿ? ನನ್ನದು ಹೋಟೆಲ್ ಕೆಲಸ. ನಿಮ್ಮ ಊರಲ್ಲಿ ನನಗಿಂತ ಚೆನ್ನಾಗಿ ಬಾರಿಸುವವರು ಬೇಕಾದಷ್ಟು ಜನ ಇರುತ್ತಾರೆ."

ಹೇಳಿ, ಟೇಬಲಿನ ಮೇಲಿನ ಕಾಫಿಯ ಕಲೆ ನೋಡುತ್ತ ಎರಡನೇ ಸಲದ ಕರೆಗೆ ಕಾದೆ. ನಾಯಕ ಸೊಂಟದವರೆಗೆ ಬಗ್ಗಿದ. "ಅರ್ಥವಾಯಿತು. ಕಷ್ಟ ಕೊಟ್ಟದ್ದಕ್ಕೆ ಕ್ಷಮಿಸಿ" ಎಂದ. ಉಳಿದಿಬ್ಬರೂ ಎದ್ದು ಬಗ್ಗಿದರು. ಕಾಫಿ ಮುಗಿಸಿ ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆಡುವ ಹೊತ್ತಿಗೆ ನೆನಪಾಗುವುದಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸಿದಳು.

"ನೀವು ಬೇಡ ಅಂದದ್ದಾ? ನಿಮಗೆ ಹೋಗ್ಲಿಕ್ಕೆ ಮನಸ್ಸುಂಟಲ್ಲ?"

"ಇನ್ನೊಮ್ಮೆ ಕೇಳ್ತಾರೆ."

"ಕೇಳದಿದ್ರೆ?"

"ಕೇಳದೆ ಇರ್ತಾರಾ? ಎರಡು ವರ್ಷ ಒಟ್ಟಿಗೆ ಬಾರಿಸಿದ್ದು."

"ಎಂತಕ್ಕೆ ಕಾಯುದು? ನೀವೇ ಹೋಗಿ, ಬರ್ತೇನೆ ಅಂತ ಹೇಳಿ."

"ಹಾಗೆಲ್ಲ ಹೋಗಿ ಹೇಳ್ಲಿಕ್ಕಾಗ್ತದಾ? ಮರ್ಯಾದೆ ಅಂತ ಒಂದು ಉಂಟಲ್ಲ."

ಅವಳು ಮತ್ತೆ ಹೂ ಕಟ್ಟತೊಡಗಿದಳು. ನನ್ನ ಮರ್ಯಾದೆಯ ಬಗ್ಗೆ ಅವಳಿಗೆ ಯಾವ ಕಾಲಕ್ಕೂ ದೊಡ್ಡ ಅಭಿಪ್ರಾಯವಿರಲಿಲ್ಲ, ಅದು ಸರಿಯೇ.

ಮರುದಿನ ಪಾಸ್‌ಪೋರ್ಟಿಗೆ ಬೇಕಾದ ಫೋಟೊ ತೆಗೆಸಿದೆ. ಯಾರಿಗೂ ಹೇಳಲಿಲ್ಲ. ಅವರು ಇನ್ನೂ ಮೂರು ವಾರ ಊರಲ್ಲಿದ್ದರು, ಎರಡು ಸಲ ದೋಸೆ ತಿನ್ನಲು ಬಂದರು, ಮಳೆ ಬರುವ ವಿಷಯ ಮಾತಾಡಿದರು. ಹೊರಡುವ ದಿನ ನಾನು ಸ್ಟೇಷನ್ನಿಗೆ ಹೋದೆ. ಅಲ್ಲಿಂದ ಅಹಮದಾಬಾದಿಗೆ ಹೋಗಿ ಅವರು ವಿಮಾನ ಹಿಡಿಯುವವರು. ಪ್ಲಾಟ್‌ಫಾರ್ಮಿನಲ್ಲಾದರೂ ಕೇಳುತ್ತಾರೆಂದು ನಂಬಿದ್ದೆ. ರೈಲು ಐದು ನಿಮಿಷ ನಿಂತಿತು. ಬನ್ನಿ ಎನ್ನಲು ಅರ್ಧ ನಿಮಿಷ ಸಾಕು. ಅವರು ಬಗ್ಗಿದರು, ನಾನು ಕೈಮುಗಿದೆ, ರೈಲು ಹೋಯಿತು. ಹಿಂದಿರುಗಿ ಬಂದಾಗ ಗಲ್ಲಾದಲ್ಲಿದ್ದ ಅಪ್ಪಯ್ಯ ನನ್ನ ಮುಖ ನೋಡಿ, "ಹೋದ್ರಾ? ಒಳ್ಳೆದಾಯ್ತು ಮಗಾ, ಸಂಜೆಗೆ ಸಾಂಬಾರು ನೋಡು" ಎಂದರು.

ಮುಂದಿನ ಅವರ ಏಳಿಗೆಯನ್ನೆಲ್ಲ ನಾನು ನೋಡಿದ್ದು ಫೋನಿನಲ್ಲಿ, ಬಿಲ್ಲು ಹರಿಯುವುದರ ನಡುವೆ. ಮೊದಲು ಓಸಾಕಾದ ನೆಲಮಾಳಿಗೆಯಂಥ ಜಾಗಗಳು. ಐವತ್ತು ಜನ ನಿಂತರೆ ಉಸಿರಾಟಕ್ಕೆ ಜಾಗವಿಲ್ಲ. ಅದನ್ನು ನೋಡಿದಾಗ, ಇದಕ್ಕಿಂತ ನಮ್ಮ ಹಾಲೇ ವಾಸಿ ಎಂದು ಸ್ವಲ್ಪ ಹಿಗ್ಗಿದೆ. ಒಂದೆರಡು ವರ್ಷಕ್ಕೆ ಕುರ್ಚಿಗಳಿರುವ ಸಭಾಂಗಣಗಳು ಬಂದವು. ಆಮೇಲೆ ಮಕ್ಕಳೂ ದೊಡ್ಡವರೂ ನೋಡುವ ಒಂದು ಕಾರ್ಟೂನ್ ಧಾರಾವಾಹಿಗೆ ಅವರ ಹಾಡು ಬಂತು. ಅಲ್ಲಿಂದಾಚೆಗೆ ಕ್ಯಾಮೆರಾ ಎಷ್ಟು ಹಿಂದೆ ಹೋದರೂ ಜನ ಮುಗಿಯುತ್ತಿರಲಿಲ್ಲ. ನನ್ನ ಜಾಗದಲ್ಲಿ ಕೂದಲಿಗೆ ಬೆಳ್ಳಿ ಬಣ್ಣ ಹಾಕಿಸಿಕೊಂಡ ಒಬ್ಬ ಸಪೂರ ಹುಡುಗನಿದ್ದ. ಎಷ್ಟು ಸಲ ಕೇಳಿದರೂ ಅವನ ಕೈ ಓಡಲಿಲ್ಲ. ಅವನು ತಪ್ಪುವುದನ್ನು ಕಾಯುತ್ತ ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಅಪ್ಪಯ್ಯ ತೀರಿಕೊಂಡ ವರ್ಷ ಮಹಡಿಯ ಹಾಲನ್ನು ಎಸಿ ಫ್ಯಾಮಿಲಿ ರೂಮ್ ಮಾಡಿಸಿದೆ. ಡ್ರಮ್ ಸೆಟ್ಟನ್ನು ಗರಬಾದವರಿಗೆ ಕೊಟ್ಟೆ. ಅಲ್ಲಿ ಎರಡಲ್ಲ, ಮೂರು ಟೇಬಲ್ ಹಿಡಿದವು.

ಇಷ್ಟರಲ್ಲಿ ಮಗಳು ಹೈಸ್ಕೂಲಿಗೆ ಬಂದಿದ್ದಳು. ಅವಳ ಕನ್ನಡ ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಹೊರಗೆಲ್ಲ ಗುಜರಾತಿ, ಹಿಂದಿ. ಒಂದು ದಿನ ಫೋನು ಹಿಡಿದುಕೊಂಡು ಗಲ್ಲಾದ ಹತ್ತಿರ ಓಡಿಬಂದಳು. ಆ ಕಾರ್ಟೂನು ಅವಳ ಕ್ಲಾಸಿನವರಿಗೆಲ್ಲ ಹುಚ್ಚು ಹಿಡಿಸಿತ್ತು. ಬ್ಯಾಂಡಿನ ಹಳೆಯ ವಿಡಿಯೊ ಹುಡುಕುತ್ತ ಯಾರೋ ಅಹಮದಾಬಾದಿನ ಮೈದಾನ ತಲುಪಿದ್ದರು.

"ಪಪ್ಪಾ, ಪೀಛೆ ಕೂತದ್ದು ನೀವಾ? ಸಾಚು?"

"ನಾನೇ."

"ಮತ್ತೆ ನೀವು ಯಾಕೆ ಹೋಗ್ಲಿಲ್ಲ?"

"ಕರೆದಿದ್ದರು. ನಾನೇ ಬೇಡ ಅಂದೆ."

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಅದುವರೆಗೆ ನಾನು ಅವಳಿಗೆ ಫೀಸು ಕಟ್ಟುವ, ಬೈಯುವ ಮನುಷ್ಯನಾಗಿದ್ದೆ. ಮರುದಿನದಿಂದ ಅವಳ ಗೆಳತಿಯರು ಹೋಟೆಲಿಗೆ ಬಂದು ನನ್ನ ಜೊತೆ ಫೋಟೊ ತೆಗೆಸಿಕೊಂಡರು. ಅಷ್ಟು ದೊಡ್ಡ ಬ್ಯಾಂಡನ್ನು ತನ್ನ ಅಪ್ಪ ಹೋಟೆಲಿಗಾಗಿ, ಅಜ್ಜನಿಗಾಗಿ, ತನಗಾಗಿ ಬಿಟ್ಟುಕೊಟ್ಟನೆಂದು ಅವಳು ಹೇಳಿಕೊಂಡು ತಿರುಗಿದಳು. ಕಾಲೇಜಿಗೆ ಸೇರುವಾಗ ಬರೆಯಬೇಕಾದ ಪ್ರಬಂಧದಲ್ಲೂ ಅದನ್ನೇ ಬರೆದಳಂತೆ. ನಾನು ತಿದ್ದಲಿಲ್ಲ. ಆ ಮಾತು ಪೂರ್ತಿ ಸುಳ್ಳಲ್ಲ, ಅವರು ಕರೆದದ್ದಂತೂ ನಿಜ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ವರ್ಷ ನಾನು ಅತ್ತದ್ದೂ ಅದನ್ನು ನೆನೆದು, ತಲೆಯೆತ್ತಿ ನಡೆದದ್ದೂ ಅದನ್ನು ನೆನೆದು.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಬಾಗಿಲು ಅರ್ಧ ಎಳೆಯುವ ಹೊತ್ತಿಗೆ ಒಬ್ಬ ಬಗ್ಗಿ ಒಳಗೆ ಬಂದ. ಕೂದಲು ತೆಳುವಾಗಿತ್ತು, ಮೈ ತುಂಬಿತ್ತು. "ಮಾಸ್ಟರ್, ಕೇಮ್ ಛೋ?" ಎಂದ. ಬೇಸಿನವನು. ಬ್ಯಾಂಡು ಸಾಕೆನಿಸಿ ಮೂರೇ ವರ್ಷಕ್ಕೆ ಬಿಟ್ಟನಂತೆ. ಮತ್ತೆ ಎಂಜಿನಿಯರನಾಗಿ, ಈಗ ಅಹಮದಾಬಾದಿನ ಹತ್ತಿರ ಒಂದು ಕಾರ್ಖಾನೆಯಲ್ಲಿದ್ದಾನಂತೆ. ದೋಸೆ ಹಾಕಿಸಿದೆ. ಚಟ್ನಿಯನ್ನು ಅವನು ಹಿಂದಿನಂತೆಯೇ ಸುರಿಸಿಕೊಂಡ. ಎದುರು ಕೂತೆ. ಹೋಟೆಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಹನ್ನೆರಡು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿಬಿಟ್ಟೆ.

"ಆ ದಿನ ನಾನು ಬೇಡ ಅಂದೆನಲ್ಲ, ಅದು ನಮ್ಮ ಪದ್ಧತಿ. ಮೊದಲ ಸಲ ಬೇಡ ಎನ್ನಬೇಕು. ನೀವು ಇನ್ನೊಂದೇ ಒಂದು ಸಲ ಕೇಳಿದ್ದರೆ ಬಂದುಬಿಡುತ್ತಿದ್ದೆ. ಫೋಟೊ ಕೂಡ ತೆಗೆಸಿದ್ದೆ."

ಅವನು ತಿನ್ನುವುದನ್ನು ನಿಲ್ಲಿಸಿದ. ಕೈ ಒರೆಸಿಕೊಂಡ. ಅವನ ಮುಖ ಕೆಂಪಾಗಿದ್ದು ಚಟ್ನಿಯಿಂದ ಎಂದುಕೊಂಡೆ.

"ಇಷ್ಟು ವರ್ಷ ನೀವು ಅದನ್ನು ಯೋಚಿಸುತ್ತಿದ್ದಿರಾ?" ಎಂದು ಕೇಳಿದ.

"ದಿನಾ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅಕ್ಕರೆಯಿಂದ, ನೋವಿಗೆ ಮದ್ದು ಹಚ್ಚುವವನ ಹಾಗೆ ಹೇಳಿದ: "ಹಾಗಾದರೆ ದಯವಿಟ್ಟು ಇನ್ನು ಯೋಚಿಸಬೇಡಿ. ನಿಮ್ಮದೇನೂ ತಪ್ಪಿಲ್ಲ. ಡ್ರಮ್ಮಿಗೆ ಬೇರೊಬ್ಬನನ್ನು ಆಗಲೇ ಗೊತ್ತುಮಾಡಿಯಾಗಿತ್ತು. ಕಂಪನಿಯವರು ವಿಡಿಯೊ ನೋಡಿ, ಲಯ ಒಂದೇ ಸಮ ನಿಲ್ಲುವುದಿಲ್ಲ, ಓಡುತ್ತದೆ, ರೆಕಾರ್ಡಿಂಗಿಗೆ ಆಗುವುದಿಲ್ಲ ಎಂದಿದ್ದರು. ಆದರೂ ನಿಮ್ಮನ್ನು ಕೇಳದೆ ಹೋಗುವುದು ಅಗೌರವ ಎಂದು ನಮ್ಮ ನಾಯಕ ಹೇಳಿದ. ನೀವು ಬೇಡ ಎನ್ನುತ್ತೀರಿ ಎಂಬ ನಂಬಿಕೆ ಅವನಿಗಿತ್ತು. ಒಂದು ವೇಳೆ ಬರುತ್ತೇನೆ ಎಂದರೆ ಏನು ಹೇಳಬೇಕೆಂದು ಕಾರಿನಲ್ಲಿ ಬರುವಾಗ ಮೂವರೂ ಪ್ರಾಕ್ಟೀಸ್ ಮಾಡಿದ್ದೆವು. ನನಗೆ ಬಹಳ ಹೆದರಿಕೆಯಾಗಿತ್ತು, ಮಾಸ್ಟರ್. ನೀವು ಬೇಡ ಎಂದಾಗ ಜೀವ ಬಂದ ಹಾಗಾಯಿತು. ನೀವು ತುಂಬ ದೊಡ್ಡ ಮನಸ್ಸಿನವರು ಎಂದು ನಾಯಕ ಈಗಲೂ ಹೇಳುತ್ತಾನೆ."

ಏನು ಮಾಡುವುದು? "ಹೌದಾ, ಪರವಾಗಿಲ್ಲ" ಎಂದೆ. ಇನ್ನೊಂದು ದೋಸೆ ಹಾಕಿಸಲಾ ಎಂದು ಕೇಳಿದೆ. ಅವನು ಮೊದಲ ಮಾತಿಗೇ ಹೂಂ ಎಂದ. ತಿಂದು, ಬಗ್ಗಿ ನಮಸ್ಕರಿಸಿ, ಹಗುರಾದವನಂತೆ ಹೋದ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಹೇಳುವಾಗ ನಗಲು ನೋಡಿದೆ, ಆಗಲಿಲ್ಲ. ಅವರು ನನ್ನನ್ನು ಕರೆದೇ ಇರಲಿಲ್ಲ, ಕರೆದಂತೆ ಮಾಡಿದ್ದು ಅಷ್ಟೇ ಎಂದೆ. ಇಷ್ಟು ದಿನ ನನ್ನ ದುಃಖಕ್ಕೆ ಒಂದು ಕಾರಣವಾದರೂ ಇತ್ತು. ಇನ್ನು ಮೇಲೆ ನನ್ನನ್ನು ನಾನೇ ಬೈದುಕೊಳ್ಳುವ ಹಕ್ಕೂ ಹೋಯಿತು. ಅವಳು ಯಾವಾಗಿನಂತೆ ಛೇಡಿಸುತ್ತಾಳೆ ಎಂದುಕೊಂಡಿದ್ದೆ. ಛೇಡಿಸಲಿಲ್ಲ. ಒಳಗಿನ ಕೋಣೆಯಲ್ಲಿ ಮಗಳು ಯಾರೊಂದಿಗೋ ಫೋನಿನಲ್ಲಿ ಗುಜರಾತಿಯಲ್ಲಿ ಮಾತಾಡುತ್ತ ಜೋರಾಗಿ ನಗುತ್ತಿದ್ದಳು. ಹೆಂಡತಿ ಆ ಕಡೆ ಒಮ್ಮೆ ನೋಡಿ, ಎದ್ದು ಹೋಗಿ ಅವಳ ಕೋಣೆಯ ಬಾಗಿಲು ಎಳೆದು ಬಂದಳು.

"ಅವಳಿಗೆ ಹೇಳುದು ಬೇಡ," ಎಂದಳು.